ಹತ್ತು ವರ್ಷದ ಮನೆಗಳು

(ಆಕಾಶವಾಣಿ ಭಾಷಣ)

ಕನ್ನಡ ಶಾಸನಗಳನ್ನು ಓದುವವರಿಗೆ 'ನೆಲೆವೀಡು' ಎಂಬ ಶಬ್ದ ಅಪರಿಚಿತವಲ್ಲ. ಅರಸನು ಇಂತಹ ನೆಲೆವೀಡಿನಲ್ಲಿದ್ದು ರಾಜ್ಯವಾಳುತ್ತಿದ್ದನು ಎಂದು ಚಾಲುಕ್ಯರ, ಹೊಯ್ಸಳರ ಶಾಸನಗಳು ಮತ್ತೆ ಮತ್ತೆ ಹೇಳುತ್ತವೆ. ಬೀಡು ಎಂಬುದು 'ಬಿಡು' ಧಾತುವಿನಿಂದ ಬಂದ ಮಾತು. ದಂಡು ದಾರಿಯಲ್ಲಿ ಬಿಡುವ ಜಾಗ, ಡೇರೆ ಹೊಡೆದ ತಾಣ ಎಂಬುದು ಅದರ ಒಂದು ಹಳೆಯ ಅರ್ಥ. ಇಂದು ಇದ್ದು ನಾಳೆ ಎದ್ದುಹೋಗುವ ಈ ತಾಣದ ಹೆಸರು ಕಾಲಕ್ರಮದಲ್ಲಿ ಅರಮನೆಗೂ ರಾಜಧಾನಿಗೂ ಸಂದಿತು. ಹಳೇಬೀಡು ಎಂಬ ಊರಿನ ಹೆಸರಿನಲ್ಲಿ ಆ ಶಬ್ದ ಇಂದಿಗೂ ನಿಂತಿದೆ. ತಾತ್ಕಾಲಿಕವಾದದ್ದು ಶಾಶ್ವತವಾಗುವ ಈ ವಿಚಿತ್ರ ಶಬ್ದಕ್ಕೆ ಮಾತ್ರ ಸಂಬಂಧಿಸಿದ್ದಲ್ಲ, ಬಾಳಿಗೂ ಸಂಬಂಧಿಸಿದ್ದು. ಇಪ್ಪತ್ತನೆಯ ಶತಮಾನದ ಮಹಾಯುದ್ಧವೊಂದರ ಅನಂತರ ಅದು ಬಹು ದೊಡ್ಡ ಪ್ರಮಾಣದಲ್ಲಿ ನಡೆಯಿತು. ಅದರ ಕಥೆಯನ್ನು ಇಂದು ತಮ್ಮ ಮುಂದಿಡಲು ಬಯಸುತ್ತೇನೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಒಂದು ಮನೆಯ ಕಷ್ಟವೇ ಇಷ್ಟಾದರೆ, ಬಾಂಬಿನ ಮಳೆಗೆ ಸಿಕ್ಕಿ ಊರಿಗೆ ಊರೇ ಕುಸಿದಾಗ ಅದನ್ನು ಕಟ್ಟುವ ಕಷ್ಟವೆಷ್ಟು? ಸೇತುವೆ ಮುರಿದಿರುತ್ತದೆ, ರಸ್ತೆ ಕಡಿದಿರುತ್ತದೆ, ಗಾರೆಯವರು ಸೈನ್ಯದಲ್ಲಿರುತ್ತಾರೆ, ಮರವಿಲ್ಲ, ಇಟ್ಟಿಗೆಯಿಲ್ಲ. ಮಳೆಗಾಲವೂ ಚಳಿಗಾಲವೂ ಯಾರಿಗಾಗಿಯೂ ಕಾಯುವುದಿಲ್ಲ. ಇಂತಹ ಇಕ್ಕಟ್ಟಿನಲ್ಲಿ ಹುಟ್ಟಿದ್ದು, ಕಟ್ಟಡದ ಭಾಗಗಳನ್ನು ಕಾರ್ಖಾನೆಯಲ್ಲಿ ಒಂದೇ ಅಳತೆಗೆ ಮೊದಲೇ ತಯಾರಿಸಿ, ಲಾರಿಯಲ್ಲಿ ತಂದು, ಸ್ಥಳದಲ್ಲಿ ಜೋಡಿಸುವ ಪದ್ಧತಿ. ಪೂರ್ವನಿರ್ಮಿತ ಕಟ್ಟಡವೆಂದು ಇದನ್ನು ಪಂಡಿತರು ಕರೆಯುತ್ತಾರೆ. ನಾವು ಅಚ್ಚಿನ ಮನೆ ಎಂದು ಕರೆದರೆ ತಪ್ಪಾಗಲಾರದು. ಈ ಅಚ್ಚು ಎಲ್ಲಿ ಗೆದ್ದಿತು, ಎಲ್ಲಿ ಸೋತಿತು, ಏಕೆ ಎಂಬುದು ಇಂದಿನ ಪ್ರಶ್ನೆ.

ಮನೆಗಿಂತ ಮೊದಲು ಸೇತುವೆಯನ್ನು ನೋಡೋಣ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಕ್ರೈಸ್ಟ್‌ಚರ್ಚ್ ಎಂಬ ಪಟ್ಟಣದಲ್ಲಿ ಸೇನೆಗಾಗಿ ಸೇತುವೆಗಳನ್ನು ಪರೀಕ್ಷಿಸುವ ಸಂಸ್ಥೆಯೊಂದಿತ್ತು. ಅಲ್ಲಿ ಡೊನಾಲ್ಡ್ ಬೇಲಿ ಎಂಬ ಇಂಜಿನಿಯರು 1940ರಲ್ಲಿ ಒಂದು ಹೊಸ ಸೇತುವೆಯ ಕಲ್ಪನೆಯನ್ನು ಮುಂದಿಟ್ಟ. ಅದಕ್ಕೆ ಮೂಲ ಒಂದೇ ಒಂದು ಉಕ್ಕಿನ ಚೌಕಟ್ಟು: ಹತ್ತು ಅಡಿ ಉದ್ದ, ಐದು ಅಡಿ ಎತ್ತರ, ತೂಕ 570 ಪೌಂಡು, ಎಂದರೆ ಸುಮಾರು 260 ಕಿಲೋ. ಇಂತಹ ಚೌಕಟ್ಟುಗಳನ್ನು ಸಾಲಾಗಿ ಇಟ್ಟು ಉಕ್ಕಿನ ಪಿನ್ನಿನಿಂದ ಒಂದಕ್ಕೊಂದು ಸೇರಿಸುತ್ತಾ ಹೋದರೆ ಸೇತುವೆ ಉದ್ದವಾಗುತ್ತದೆ. ಭಾರ ಹೆಚ್ಚು ಹೊರಬೇಕಾದರೆ ಪಕ್ಕದಲ್ಲಿ ಇನ್ನೊಂದು ಸಾಲು, ಇನ್ನೂ ಹೆಚ್ಚಾದರೆ ಮೇಲೊಂದು ಅಂತಸ್ತು. ಜೋಡಿಸಿದ ಸೇತುವೆಯನ್ನು ಒಂದು ದಡದಲ್ಲೇ ಉರುಳೆಗಳ ಮೇಲಿಟ್ಟು, ಮುಂದಕ್ಕೆ ಹಗುರವಾದ ಮೂತಿಯೊಂದನ್ನು ಕಟ್ಟಿ, ಆಚೆ ದಡಕ್ಕೆ ತಳ್ಳುತ್ತಾರೆ. ಕ್ರೇನು ಬೇಡ, ವಿಶೇಷ ಸಲಕರಣೆ ಬೇಡ.

ಆ 570 ಪೌಂಡಿನ ಲೆಕ್ಕ ಸುಮ್ಮನೆ ಬಂದದ್ದಲ್ಲ. ಆರು ಮಂದಿ ಸೈನಿಕರು ಕೈಯಲ್ಲಿ ಎತ್ತಿ ಒಯ್ಯಬಹುದಾದ ಭಾರ ಅದು. ತಲೆಗೆ 43 ಕಿಲೋ ಬೀಳುತ್ತದೆ. ಚೌಕಟ್ಟಿನ ಉದ್ದವೂ ಅಷ್ಟೆ, ಅಂದಿನ ಮೂರು ಟನ್ನಿನ ಮಾಮೂಲಿ ಲಾರಿಯಲ್ಲಿ ಹಿಡಿಸುವಷ್ಟು. ನದಿ ಎಷ್ಟು ಅಗಲವಿದೆ ಎಂದು ಕೇಳಿ ಬೇಲಿ ಅಳತೆ ಹಿಡಿಯಲಿಲ್ಲ. ಎತ್ತುವ ಕೈಗಳಿಗೆ ಎಷ್ಟು ಶಕ್ತಿಯಿದೆ ಎಂಬುದರಿಂದ ಆರಂಭಿಸಿದ. ನನ್ನ ಮಾತಿನ ಮುಂದಿನ ಭಾಗಕ್ಕೆ ಇದೇ ಕೀಲಿಕೈಯಾದ್ದರಿಂದ ಶ್ರೋತೃಗಳು ದಯವಿಟ್ಟು ಇದನ್ನು ನೆನಪಿನಲ್ಲಿಡಬೇಕು.

ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಇಟಲಿಯ ಸೇತುವೆಗಳನ್ನು ಒಂದೊಂದಾಗಿ ಸಿಡಿಸುತ್ತಾ ಹೋದಾಗ, ಅವುಗಳ ಸ್ಥಾನದಲ್ಲಿ ಬೇಲಿ ಸೇತುವೆಗಳು ಎದ್ದವು. ಇಟಲಿಯೊಂದರಲ್ಲೇ ಅವುಗಳ ಸಂಖ್ಯೆ ಮೂರು ಸಾವಿರ ಮೀರಿತು. ಟ್ಯಾಂಕು ದಾಟಲೆಂದು ಕಟ್ಟಿದ ಈ ಸೇತುವೆಗಳ ಮೇಲೆ ಯುದ್ಧ ಮುಗಿದ ಮೇಲೆ ಹಾಲಿನ ಗಾಡಿ, ಶಾಲೆಯ ಮಕ್ಕಳು, ಗೋಧಿಯ ಮೂಟೆ ದಾಟಿದವು. ಬೇಲಿಗೆ 1946ರಲ್ಲಿ ಸರ್ ಪದವಿ ಬಂದಿತು. ನಮ್ಮ ದೇಶದಲ್ಲಿಯೂ ಹಿಮಾಲಯದ ಗಡಿರಸ್ತೆಗಳಲ್ಲಿ ಈ ಸೇತುವೆಗಳು ಬಳಕೆಯಲ್ಲಿವೆ. 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದು ಹಳ್ಳಿಗಳು ಕೊಚ್ಚಿಹೋದಾಗ, ಬೆಂಗಳೂರಿನಲ್ಲಿ ಕೇಂದ್ರವುಳ್ಳ ಮದ್ರಾಸ್ ಇಂಜಿನಿಯರ್ ಗ್ರೂಪಿನ ಯೋಧರು ಚೂರಲ್‌ಮಲೆಯಲ್ಲಿ 190 ಅಡಿಯ ಬೇಲಿ ಸೇತುವೆಯನ್ನು ಕಟ್ಟಿ ಆಗಸ್ಟ್ 1ರ ಹೊತ್ತಿಗೆ ಮುಗಿಸಿದರು. ಎಂಟು ದಶಕಗಳ ಹಿಂದಿನ ಕಲ್ಪನೆ ಇನ್ನೂ ಸವೆದಿಲ್ಲ.

ಸೇತುವೆಯಿಂದ ಈಗ ಮನೆಗೆ ಬರೋಣ. 1940ರ ಸೆಪ್ಟೆಂಬರಿನಿಂದ 1941ರ ಮೇ ತಿಂಗಳವರೆಗೆ ಲಂಡನ್ ಮೊದಲಾದ ಬ್ರಿಟಿಷ್ ನಗರಗಳ ಮೇಲೆ ಜರ್ಮನ್ ವಿಮಾನಗಳು ಬಾಂಬು ಸುರಿದವು. 1944ರಲ್ಲಿ ಚಾಲಕನಿಲ್ಲದ ಹಾರುಬಾಂಬುಗಳೂ ರಾಕೆಟ್ಟುಗಳೂ ಬಂದವು. ಯುದ್ಧ ಮುಗಿಯುವ ವೇಳೆಗೆ ಸುಮಾರು ನಾಲ್ಕೂವರೆ ಲಕ್ಷ ಮನೆಗಳು ನೆಲಸಮವಾಗಿದ್ದವು ಅಥವಾ ವಾಸಕ್ಕೆ ಅಯೋಗ್ಯವಾಗಿದ್ದವು. ಯುದ್ಧದ ಆರು ವರ್ಷ ಹೊಸ ಮನೆಗಳ ನಿರ್ಮಾಣ ನಿಂತೇಹೋಗಿತ್ತು ಎನ್ನಬಹುದು. ಅದೇ ಕಾಲದಲ್ಲಿ ಮದುವೆಗಳು ನಡೆದಿದ್ದವು, ಮಕ್ಕಳು ಹುಟ್ಟಿದ್ದವು. ರಣರಂಗದಿಂದ ಮರಳುವ ಸೈನಿಕ ಹೆಂಡತಿ ಮಕ್ಕಳೊಡನೆ ಮಾವನ ಮನೆಯ ಒಂದು ಕೋಣೆಯಲ್ಲಿ ಎಷ್ಟು ದಿನ ಇರಬೇಕು?

1944ರ ಮಾರ್ಚ್ 26ರಂದು ಪ್ರಧಾನಮಂತ್ರಿ ವಿನ್‌ಸ್ಟನ್ ಚರ್ಚಿಲ್ ರೇಡಿಯೋ ಭಾಷಣ ಮಾಡಿದರು. ಯುದ್ಧದ ವಿಷಯದ ನಡುವೆ ಮನೆಯ ವಿಷಯವೂ ಬಂದಿತು. ಕಾರ್ಖಾನೆಯಲ್ಲಿ ತಯಾರಾಗುವ ಐದು ಲಕ್ಷದವರೆಗಿನ ತುರ್ತು ಮನೆಗಳನ್ನು ಒದಗಿಸುವುದಾಗಿ ಅವರು ಜನತೆಗೆ ಮಾತು ಕೊಟ್ಟರು. ಅದೇ ವರ್ಷ ಪಾರ್ಲಿಮೆಂಟು ತಾತ್ಕಾಲಿಕ ವಸತಿಯ ಕಾಯಿದೆಯನ್ನು ಅಂಗೀಕರಿಸಿ 15 ಕೋಟಿ ಪೌಂಡುಗಳನ್ನು ಮಂಜೂರು ಮಾಡಿತು. ಈ ಮನೆಗಳಿಗೆ ಸರ್ಕಾರ ನಿಗದಿಪಡಿಸಿದ ಆಯುಸ್ಸು ಹತ್ತು ವರ್ಷ. ಅಷ್ಟರಲ್ಲಿ ಇಟ್ಟಿಗೆಯ ಗಟ್ಟಿ ಮನೆಗಳು ಎದ್ದಿರುತ್ತವೆ, ಇವನ್ನು ಬಿಚ್ಚಿ ಹಾಕಬಹುದು ಎಂಬುದು ಲೆಕ್ಕಾಚಾರ.

ಇಟ್ಟಿಗೆಯನ್ನು ಬಿಟ್ಟು ಕಾರ್ಖಾನೆಯನ್ನು ಹಿಡಿದದ್ದೇಕೆ? ಕಾರಣ ಸ್ಪಷ್ಟವಾಗಿದೆ. ಕಟ್ಟಡ ಕೆಲಸದವರ ಸಂಖ್ಯೆ ಯುದ್ಧಪೂರ್ವದ ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿದಿತ್ತು. ಮರ ಹೊರದೇಶದಿಂದ ಬರಬೇಕು, ಅದಕ್ಕೆ ವಿದೇಶಿ ಹಣ ಬೇಕು. ಇನ್ನೊಂದು ಕಡೆ ಯುದ್ಧ ವಿಮಾನಗಳನ್ನು ತಯಾರಿಸುತ್ತಿದ್ದ ಬೃಹತ್ ಕಾರ್ಖಾನೆಗಳು ಯುದ್ಧ ನಿಂತೊಡನೆ ಕೆಲಸವಿಲ್ಲದೆ ನಿಲ್ಲಲಿದ್ದವು. ಅಲ್ಲಿ ತಗಡು ಕತ್ತರಿಸಬಲ್ಲ, ರಿವೆಟ್ಟು ಹೊಡೆಯಬಲ್ಲ ಸಾವಿರಾರು ಗಂಡಸರೂ ಹೆಂಗಸರೂ ಇದ್ದರು. ಗುಜರಿಯಾದ ವಿಮಾನಗಳ ಅಲ್ಯೂಮಿನಿಯಂ ರಾಶಿ ಬಿದ್ದಿತ್ತು. ಇಲ್ಲದ ಗಾರೆಯವನನ್ನು ಕಾಯುವುದಕ್ಕಿಂತ ಇರುವ ರಿವೆಟ್ಟಿನವನಿಂದ ಮನೆ ಮಾಡಿಸುವುದು ವಿವೇಕ ಎಂದು ಅವರಿಗೆ ತೋರಿತು.

ಮೊದಲ ಮಾದರಿಯನ್ನು 1944ರಲ್ಲಿ ಲಂಡನ್ನಿನ ಟೇಟ್ ಚಿತ್ರಶಾಲೆಯ ಬಳಿ ಪ್ರದರ್ಶನಕ್ಕಿಟ್ಟರು. ಆಗ ಲೋಕೋಪಯೋಗಿ ಮಂತ್ರಿಯಾಗಿದ್ದ ಲಾರ್ಡ್ ಪೋರ್ಟಲರ ಹೆಸರೇ ಅದಕ್ಕೆ ಅಂಟಿಕೊಂಡಿತು. ಒತ್ತಿದ ಉಕ್ಕಿನ ತಗಡಿನ ಮನೆ ಅದು. ಆದರೆ ಉಕ್ಕು ಯುದ್ಧಕ್ಕೇ ಸಾಲದಾಗಿದ್ದುದರಿಂದ ಆ ಮಾದರಿ ಕಾರ್ಖಾನೆಗೆ ಹೋಗಲೇ ಇಲ್ಲ. ಅದರ ಒಳಗಿನ ವಿನ್ಯಾಸ ಮಾತ್ರ ಉಳಿದು, ಬೇರೆ ಬೇರೆ ಸಾಮಗ್ರಿಗಳ ಮನೆಗಳಾಗಿ ಹೊರಬಂದಿತು.

ಅವುಗಳಲ್ಲಿ ಹೆಚ್ಚು ಸಂಖ್ಯೆಯಲ್ಲಿ ಬಂದದ್ದು ಅಲ್ಯೂಮಿನಿಯಂ ಮನೆ, ಸುಮಾರು 54,500. ವಿಮಾನ ಕಾರ್ಖಾನೆಯಲ್ಲಿ ವಿಮಾನದಂತೆಯೇ ಸಾಲಿನಲ್ಲಿ ಸಾಗುತ್ತಾ ಅದು ತಯಾರಾಗುತ್ತಿತ್ತು. ಬಣ್ಣ, ವಿದ್ಯುತ್ ತಂತಿ, ನಲ್ಲಿ, ಬೀರು ಎಲ್ಲವೂ ಅಲ್ಲಿಯೇ ಸೇರಿ, ಇಡೀ ಮನೆ ನಾಲ್ಕು ತುಂಡಾಗಿ ನಾಲ್ಕು ಲಾರಿಗಳಲ್ಲಿ ಬರುತ್ತಿತ್ತು. ಪ್ರತಿಯೊಂದು ತುಂಡಿನ ಅಗಲ ಏಳೂವರೆ ಅಡಿ ಮೀರಬಾರದು, ಏಕೆಂದರೆ ರಸ್ತೆಯಲ್ಲಿ ಸಾಗಬೇಕು. ಬೇಲಿಯ ಸೇತುವೆಗೆ ಮನುಷ್ಯನ ತೋಳು ಅಳತೆಯಾದಂತೆ ಇಲ್ಲಿ ಊರಿನ ಬೀದಿ ಅಳತೆಯಾಯಿತು. ತಳಪಾಯ ಸಿದ್ಧವಿದ್ದರೆ ಕೆಲವೇ ಗಂಟೆಗಳಲ್ಲಿ ನಾಲ್ಕು ತುಂಡುಗಳನ್ನು ಬೋಲ್ಟು ಹಾಕಿ ಸೇರಿಸಬಹುದಿತ್ತು. ಆದರೆ ಈ 'ಸಿದ್ಧವಿದ್ದರೆ' ಎಂಬ ಮಾತು ದೊಡ್ಡದು. ನೆಲ ಸಮಮಾಡುವುದು, ಚರಂಡಿ, ನೀರಿನ ಕೊಳವೆ, ರಸ್ತೆ, ಇವು ಕಾರ್ಖಾನೆಯಿಂದ ಬರುವುದಿಲ್ಲ. ಕೆಲವೆಡೆ ಈ ಕೆಲಸಕ್ಕೆ ಜರ್ಮನ್ ಮತ್ತು ಇಟಾಲಿಯನ್ ಯುದ್ಧಕೈದಿಗಳನ್ನು ಹಚ್ಚಿದರು. ಕೆಡವಿದ ದೇಶದವರ ಕೈಯಿಂದಲೇ ಕಟ್ಟುವ ಕೆಲಸ ಮಾಡಿಸಿದಂತಾಯಿತು.

ಉಳಿದ ಬಗೆಗಳನ್ನು ಹೆಸರಿಸಿದರೆ ಸಾಕು. ಉಕ್ಕಿನ ಚೌಕಟ್ಟಿಗೆ ಕಲ್ನಾರಿನ ಹಲಗೆ ಹೊದಿಸಿದ ಆರ್ಕಾನ್ ಮನೆಗಳು ಸುಮಾರು 39,000. ಮರದ ಚೌಕಟ್ಟಿನ ಯೂನಿ-ಸೆಕೋ ಮನೆಗಳು ಸುಮಾರು 29,000. ಕಾಂಕ್ರೀಟಿನ ಟಾರನ್ ಮನೆಗಳು ಸುಮಾರು 19,000. ಅಮೆರಿಕದಿಂದ ಹಡಗಿನಲ್ಲಿ ಬಂದವು ಎಂಟೂವರೆ ಸಾವಿರದಷ್ಟು. ಇವೆಲ್ಲವೂ ಸೇರಿ 1945ರಿಂದ 1949ರವರೆಗೆ ಎದ್ದದ್ದು 1,56,623 ಮನೆಗಳು. ಕೊಟ್ಟ ಮಾತಿನ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ಅಗ್ಗವೂ ಆಗಲಿಲ್ಲ. ಮನೆಯೊಂದಕ್ಕೆ 600 ಪೌಂಡಿನ ಅಂದಾಜು ಇತ್ತು. ಅಲ್ಯೂಮಿನಿಯಂ ಮನೆಗೆ ಬಿದ್ದದ್ದು 1,600ರ ಆಚೀಚೆ. ಒಟ್ಟು ವೆಚ್ಚ 20 ಕೋಟಿ ಪೌಂಡುಗಳನ್ನು ದಾಟಿತು. ಹತ್ತು ವರ್ಷದ ಮನೆಗೆ ಶಾಶ್ವತ ಮನೆಯ ಬೆಲೆ ತೆತ್ತಂತಾಯಿತೆಂದು ಟೀಕಾಕಾರರು ಹೇಳಿದ್ದರಲ್ಲಿ ತಪ್ಪಿಲ್ಲ.

ಹಾಗಾದರೆ ಈ ಪ್ರಯತ್ನ ಸೋತಿತೆನ್ನೋಣವೆ? ಸಂಖ್ಯೆಗಳನ್ನು ಬಿಟ್ಟು ಮನೆಯ ಒಳಕ್ಕೆ ಕಾಲಿಟ್ಟರೆ ಉತ್ತರ ಬೇರೆಯಾಗುತ್ತದೆ. ಎರಡು ಮಲಗುವ ಕೋಣೆ, ಒಂದು ನಡುಮನೆ, ಒಂದು ಅಡುಗೆಮನೆ, ಸುತ್ತಲೂ ಒಂದಿಷ್ಟು ತೋಟದ ಜಾಗ. ಅಡುಗೆಮನೆಯೂ ಬಚ್ಚಲೂ ಒಂದೇ ಗೋಡೆಯ ಈಚೆ ಆಚೆ. ಆ ಗೋಡೆಯೊಳಗೆ ನೀರಿನ ಕೊಳವೆಗಳನ್ನೆಲ್ಲ ಕಾರ್ಖಾನೆಯಲ್ಲೇ ಕೂಡಿಸಿ ಒಂದೇ ಘಟಕವಾಗಿ ಕಳುಹಿಸುತ್ತಿದ್ದರು. ಅದರಲ್ಲಿ ಒಲೆ, ಬಿಸಿನೀರು, ತೊಟ್ಟಿ, ಮನೆಯೊಳಗೇ ಕಕ್ಕಸು ಮತ್ತು ಒಂದು ಫ್ರಿಜ್. ಅಂದಿನ ಇಂಗ್ಲೆಂಡಿನ ಕಾರ್ಮಿಕ ಕುಟುಂಬಗಳ ಪಾಡು ಅರಿತವರಿಗೆ ಇದರ ಮಹತ್ವ ಗೊತ್ತಾದೀತು. ಕಕ್ಕಸು ಹಿತ್ತಲಲ್ಲಿ, ಸ್ನಾನವೆಂದರೆ ವಾರಕ್ಕೊಮ್ಮೆ ಬೆಂಕಿಯ ಮುಂದೆ ತಗಡಿನ ತೊಟ್ಟಿ, ಫ್ರಿಜ್ ಎಂಬುದು ಶ್ರೀಮಂತರ ಸೊತ್ತು. ಯುದ್ಧದಲ್ಲಿ ಎಲ್ಲವನ್ನೂ ಕಳೆದುಕೊಂಡ ಗೃಹಿಣಿಗೆ, ಅವಳ ತಾಯಿಗಾಗಲಿ ಅಜ್ಜಿಗಾಗಲಿ ಎಂದೂ ದೊರೆಯದ ಅಡುಗೆಮನೆ ಲಾರಿಯಲ್ಲಿ ಬಂದು ಇಳಿಯಿತು. ಮನೆಗಳ ವಿನ್ಯಾಸವನ್ನು ಪರಿಶೀಲಿಸಲು ನೇಮಿಸಿದ್ದ ಡಡ್ಲಿ ಸಮಿತಿ ಯುದ್ಧಕಾಲದಲ್ಲಿಯೇ ಮಹಿಳಾ ಸಂಘಗಳ ಅಭಿಪ್ರಾಯ ಕೇಳಿತ್ತು ಎಂಬುದನ್ನೂ ಇಲ್ಲಿ ನೆನೆಯಬೇಕು. ಬದುಕುವವರ ಅಳತೆ ಆ ಅಚ್ಚಿನೊಳಕ್ಕೆ ಇಳಿದಿತ್ತು.

ವೇಲ್ಸ್ ಪ್ರಾಂತದ ಟ್ರೆಡೀಗರ್ ಗಣಿಗಾರರ ಊರು. ಯುದ್ಧಾನಂತರದ ಲೇಬರ್ ಸರ್ಕಾರದಲ್ಲಿ ವಸತಿಯ ಹೊಣೆ ಹೊತ್ತ ಮಂತ್ರಿ ಅನ್ಯೂರಿನ್ ಬೆವನ್ ಆ ಊರಿನವರು. ಅವರಿಗೆ ಈ ಮನೆಗಳೆಂದರೆ ಸೇರದು. ಮೊಲದ ಗೂಡುಗಳೆಂದು ಜರೆದರು. ಬಡವನಿಗೂ ವಿಶಾಲವಾದ, ಗಟ್ಟಿಯಾದ, ಶಾಶ್ವತವಾದ ಮನೆಯೇ ಸಿಗಬೇಕೆಂಬ ಛಲ ಅವರದು. ಆದರ್ಶ ದೊಡ್ಡದು, ಸಂದೇಹವಿಲ್ಲ. ಅದೇ ಟ್ರೆಡೀಗರಿನಲ್ಲಿ ಬಾಲ್ಯವನ್ನು ಒಂದು ಆರ್ಕಾನ್ ಮನೆಯಲ್ಲಿ ಕಳೆದ ಹುಡುಗನೊಬ್ಬ ಮುಂದೆ ಅದೇ ಲೇಬರ್ ಪಕ್ಷದ ನಾಯಕನಾದ. ಆತ ನೀಲ್ ಕಿನಕ್. ಆ ಮನೆಯ ಫ್ರಿಜ್ಜನ್ನೂ ಬಚ್ಚಲನ್ನೂ ಅವರು ಅಭಿಮಾನದಿಂದ ನೆನೆದಿದ್ದಾರೆ. ನೆಂಟರಿಷ್ಟರು ಅವನ್ನು ನೋಡಲೆಂದೇ ಬರುತ್ತಿದ್ದರಂತೆ. ಒಂದೇ ಊರಿನ ಇಬ್ಬರಲ್ಲಿ ಒಬ್ಬರು ಆ ಮನೆಯನ್ನು ಹೊರಗಿನಿಂದ ನೋಡಿದರು, ಒಬ್ಬರು ಒಳಗಿನಿಂದ.

ದೋಷಗಳನ್ನು ಮರೆಮಾಚಬಾರದು. ತೆಳುಗೋಡೆಯ ಮನೆಗಳು ಚಳಿಗಾಲದಲ್ಲಿ ಕೊರೆಯುತ್ತಿದ್ದವು, ಬೇಸಿಗೆಯಲ್ಲಿ ಕಾಯುತ್ತಿದ್ದವು. ಗೋಡೆಯ ಒಳಮೈಯಲ್ಲಿ ತೇವ ಇಳಿಯುತ್ತಿತ್ತು. ಕಲ್ನಾರಿನ ಎಳೆ ಶ್ವಾಸಕೋಶಕ್ಕೆ ವಿಷವೆಂಬುದು ಮುಂದೆ ಎಲ್ಲರಿಗೂ ತಿಳಿಯಿತು. ಇಷ್ಟಾದರೂ ಹತ್ತು ವರ್ಷ ಕಳೆದಾಗ ಬಿಟ್ಟುಹೋಗಲು ಅನೇಕರು ಒಪ್ಪಲಿಲ್ಲ. ಇಪ್ಪತ್ತು ವರ್ಷ ಕಳೆಯಿತು, ನಲವತ್ತು ಕಳೆಯಿತು. ತೋಟದಲ್ಲಿ ಗುಲಾಬಿ ಬೆಳೆದಿತ್ತು, ನೆರೆಹೊರೆ ಬೆಳೆದಿತ್ತು. ಕೆಡವಿದ ಮನೆಗಳ ಬದಲು ಹಲವೆಡೆ ಎದ್ದದ್ದು ಬಹುಮಹಡಿಯ ಕಟ್ಟಡಗಳು. ನೆಲದ ಮೇಲೆ ಬಾಳಿದವರಿಗೆ ಅವು ರುಚಿಸಲಿಲ್ಲ.

ಲಂಡನ್ನಿನ ಆಗ್ನೇಯಕ್ಕೆ ಕ್ಯಾಟ್‌ಫರ್ಡ್ ಎಂಬಲ್ಲಿ ಎಕ್ಸ್‌ಕ್ಯಾಲಿಬರ್ ಎಂಬ ಬಡಾವಣೆಯಿತ್ತು. ಯುದ್ಧಕೈದಿಗಳು 1945-46ರಲ್ಲಿ ನಿಲ್ಲಿಸಿದ 187 ಯೂನಿ-ಸೆಕೋ ಮನೆಗಳು, ನಡುವೆ ಒಂದು ಪೂರ್ವನಿರ್ಮಿತ ಇಗರ್ಜಿ. ಆರ್ಥರ್ ದೊರೆಯ ಕಥೆಗಳಲ್ಲಿ ಬರುವ ವೀರರ ಹೆಸರುಗಳನ್ನು ಅಲ್ಲಿನ ಬೀದಿಗಳಿಗೆ ಇಟ್ಟಿದ್ದರು. 2009ರಲ್ಲಿ ಅವುಗಳಲ್ಲಿ ಆರು ಮನೆಗಳನ್ನು ಸರ್ಕಾರ ಸಂರಕ್ಷಿತ ಕಟ್ಟಡಗಳೆಂದು ಘೋಷಿಸಿತು. ಉಳಿದವನ್ನು ಕೆಡವಬೇಕೆ ಬೇಡವೆ ಎಂದು 2010ರಲ್ಲಿ ನಿವಾಸಿಗಳ ಮತ ಕೇಳಿದಾಗ ಕೆಡವುವ ಪರ ಬಂದದ್ದು ಶೇಕಡಾ 56 ಮಾತ್ರ. ಹತ್ತು ವರ್ಷಕ್ಕೆಂದು ಕಟ್ಟಿದ ಮನೆ ಅರವತ್ತೈದನೆಯ ವರ್ಷದಲ್ಲಿಯೂ ಬಾಳಲು ಯೋಗ್ಯವೆಂದು ಹತ್ತರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿ ಹೇಳಿದರು. ಆಮೇಲೆ ಹಂತಹಂತವಾಗಿ ಕೆಡವಿದರು. ವೇಲ್ಸ್‌ನ ಸೇಂಟ್ ಫೇಗನ್ಸ್ ವಸ್ತುಸಂಗ್ರಹಾಲಯದಲ್ಲಿ ಒಂದು ಅಲ್ಯೂಮಿನಿಯಂ ಮನೆಯನ್ನು ಹಳೆಯ ರೈತರ ಮನೆಗಳ ಸಾಲಿನಲ್ಲೇ ತಂದು ನಿಲ್ಲಿಸಿದ್ದಾರೆ. ಬೀಡು ನೆಲೆಯಾದ ಬಗೆ ಇದು.

ಇದೇ ಅಚ್ಚಿನ ಕನಸು ಅದೇ ವರ್ಷಗಳಲ್ಲಿ ನಮ್ಮ ದೇಶಕ್ಕೂ ಬಂದಿತು. ತಂದವರಲ್ಲಿ ಮುಖ್ಯರು ನಮ್ಮ ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದವರು. ಆಟೊ ಕೋನಿಗ್ಸ್‌ಬರ್ಗರ್ 1908ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಯಹೂದಿ ವಂಶದ ವಾಸ್ತುಶಿಲ್ಪಿ. ಹಿಟ್ಲರನ ಆಡಳಿತ ಬಂದಾಗ ದೇಶ ಬಿಟ್ಟು, ಈಜಿಪ್ಟಿನಲ್ಲಿ ಕೆಲವು ಕಾಲ ಇದ್ದು, ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ, 1939ರಲ್ಲಿ, ಮೈಸೂರು ಸರ್ಕಾರದ ಮುಖ್ಯ ವಾಸ್ತುಶಿಲ್ಪಿಯಾದರು. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರಿಗೆ ಸೋದರಮಾವ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಹಲವು ಕಟ್ಟಡಗಳೂ ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪವೂ ಅವರ ಕೈಯವು. ಬಿಸಿಲು ಎಲ್ಲಿಂದ ಬೀಳುತ್ತದೆ, ಗಾಳಿ ಎತ್ತಲಿಂದ ಬೀಸುತ್ತದೆ ಎಂದು ನೋಡಿ ಕಟ್ಟುವುದನ್ನು ಅವರು ಇಲ್ಲಿ ಕಲಿತರು.

ದೇಶ ವಿಭಜನೆಯಾದಾಗ ದಿಲ್ಲಿಗೆ ಸುಮಾರು ಐದು ಲಕ್ಷ ನಿರಾಶ್ರಿತರು ಬಂದರು. ಪುರಾನಾ ಕಿಲಾ, ಹುಮಾಯೂನನ ಗೋರಿ, ಕಿಂಗ್ಸ್‌ವೇ ಶಿಬಿರ ತುಂಬಿಹೋದವು. ಹೆಸರಿಗೆ ಅದು ಯುದ್ಧವಲ್ಲದಿದ್ದರೂ ನೆಲೆ ಕಳೆದುಕೊಂಡವರ ಪಾಲಿಗೆ ಯುದ್ಧಕ್ಕಿಂತ ಕಡಿಮೆಯದಾಗಿರಲಿಲ್ಲ. 1948ರಲ್ಲಿ ಕೇಂದ್ರ ಸರ್ಕಾರ ಕೋನಿಗ್ಸ್‌ಬರ್ಗರರನ್ನು ವಸತಿ ನಿರ್ದೇಶಕರನ್ನಾಗಿ ಕರೆಸಿಕೊಂಡಿತು. ಆರೋಗ್ಯ ಮಂತ್ರಿಣಿ ರಾಜಕುಮಾರಿ ಅಮೃತ ಕೌರ್ ಅವರ ಇಲಾಖೆಯ ಅಡಿಯಲ್ಲಿ, ದಿಲ್ಲಿಯ ಜಂಗ್‌ಪುರದಲ್ಲಿ ಸರ್ಕಾರಿ ಮನೆ ಕಾರ್ಖಾನೆ ಆರಂಭವಾಯಿತು. ಗುಳ್ಳೆ ತುಂಬಿದ ಹಗುರ ಕಾಂಕ್ರೀಟಿನ ದೊಡ್ಡ ಹಲಗೆಗಳನ್ನು ಅಚ್ಚುಹಾಕಿ ಮನೆ ಜೋಡಿಸುವ ಯೋಜನೆ ಅದು. ಹೊಸ ದೇಶ, ಹೊಸ ಯಂತ್ರ, ನಿರಾಶ್ರಿತರಿಗೆ ಹೊಸ ಮನೆ. ಜನರ ನಿರೀಕ್ಷೆ ಮುಗಿಲು ಮುಟ್ಟಿತ್ತು.

ಹಲಗೆಗಳು ಬಿರುಕುಬಿಟ್ಟವು. ಪಾರ್ಲಿಮೆಂಟಿನಲ್ಲಿ ಗದ್ದಲವಾಯಿತು, ಪತ್ರಿಕೆಗಳು ಕಟುವಾಗಿ ಬರೆದವು. ಯೋಜನೆಯನ್ನು ಕೈಬಿಡಬೇಕಾಯಿತು. 1951ರಲ್ಲಿ ಕೋನಿಗ್ಸ್‌ಬರ್ಗರ್ ಲಂಡನ್ನಿಗೆ ತೆರಳಿದರು. ಕಾರ್ಖಾನೆಯೇನೋ ಮುಚ್ಚಿಹೋಗಲಿಲ್ಲ. ಹಿಂದೂಸ್ತಾನ್ ಹೌಸಿಂಗ್ ಫ್ಯಾಕ್ಟರಿ ಎಂಬ ಹೆಸರಿನಲ್ಲಿ, ಮುಂದೆ 1978ರಿಂದ ಹಿಂದೂಸ್ತಾನ್ ಪ್ರಿಫ್ಯಾಬ್ ಎಂಬ ಹೆಸರಿನಲ್ಲಿ, ವಿದ್ಯುತ್ ಕಂಬ, ರೈಲಿನ ಸ್ಲೀಪರು, ಕಾಂಕ್ರೀಟಿನ ತೊಲೆ ಮೊದಲಾದವನ್ನು ಅದು ತಯಾರಿಸಿತು. ಸಾವಿರ ಸಲ ಒಂದೇ ರೀತಿಯಾಗಿರಬೇಕಾದ ಕಂಬದಲ್ಲಿ ಅಚ್ಚು ಗೆದ್ದಿತು, ಮನೆಯಲ್ಲಿ ಸೋತಿತು.

ಬಿರುಕು ಹಲಗೆಯಲ್ಲಿ ಕಾಣಿಸಿಕೊಂಡರೂ ಅದರ ಮೂಲ ಲೆಕ್ಕಾಚಾರದಲ್ಲಿತ್ತೆಂದು ನನಗೆ ತೋರುತ್ತದೆ. ಇಂಗ್ಲೆಂಡಿನಲ್ಲಿ ಕೊರತೆಯಾಗಿದ್ದದ್ದು ಕಟ್ಟುವ ಕೈ; ಹೇರಳವಾಗಿದ್ದದ್ದು ಕೆಲಸವಿಲ್ಲದ ಕಾರ್ಖಾನೆ. ದಿಲ್ಲಿಯಲ್ಲಿ ಇದು ತಿರುಗುಮುರುಗು. ಯಂತ್ರವೂ ಬಂಡವಾಳವೂ ವಿರಳ, ಶಿಬಿರಗಳಲ್ಲಿ ಮಾತ್ರ ಲಕ್ಷಾಂತರ ಕೈಗಳು ಸುಮ್ಮನೆ ಕುಳಿತಿದ್ದವು. ಕೈಗಳ ದುಡಿಮೆಯನ್ನು ಉಳಿಸುವ ವಿದ್ಯೆಯನ್ನು, ದುಡಿಮೆಗಾಗಿ ಹಂಬಲಿಸುತ್ತಿದ್ದ ಜನರ ನಡುವೆ ತಂದು ನಿಲ್ಲಿಸಿದಂತಾಯಿತು.

ಇದಕ್ಕೆ ಪ್ರತಿಯಾದ ಉದಾಹರಣೆ ದಿಲ್ಲಿಯ ಸಮೀಪದಲ್ಲೇ ಇದೆ. ವಾಯವ್ಯ ಗಡಿ ಪ್ರಾಂತದ ನಿರಾಶ್ರಿತರಿಗಾಗಿ ಫರೀದಾಬಾದಿನಲ್ಲಿ ಹೊಸ ಪಟ್ಟಣ ಕಟ್ಟಲು ತೀರ್ಮಾನವಾದಾಗ, ಗುತ್ತಿಗೆದಾರರ ಬದಲು ನಿರಾಶ್ರಿತರೇ ಕಟ್ಟಬೇಕೆಂದು ಇಂಡಿಯನ್ ಕೋಆಪರೇಟಿವ್ ಯೂನಿಯನ್ ಒತ್ತಾಯಿಸಿತು. ಆ ಸಂಸ್ಥೆಯನ್ನು ಕಟ್ಟಿದವರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಅಂಗಡಿಯಿಟ್ಟಿದ್ದವರು, ಹೊಲ ಉಳುತ್ತಿದ್ದವರು ಅಲ್ಲಿ ಇಟ್ಟಿಗೆ ಹೊತ್ತರು, ಗೋಡೆ ಎತ್ತಲು ಕಲಿತರು, ಸಹಕಾರ ಸಂಘಗಳನ್ನು ಮಾಡಿಕೊಂಡರು. ಸುಮಾರು ಐದು ಸಾವಿರ ಮನೆಗಳು ಎದ್ದವು. ಕೂಲಿ ಕೈಗೆ ಬಂದಿತು, ಕಸಬು ಬಂದಿತು. ಭಿಕ್ಷೆಯ ಅನ್ನ ಉಣ್ಣುತ್ತಿದ್ದೇವೆಂಬ ಕೀಳರಿಮೆ ಹೋದದ್ದಕ್ಕೆ ಯಾವ ಲೆಕ್ಕಪತ್ರದಲ್ಲಿ ಜಾಗವಿದ್ದೀತು?

ಕೋನಿಗ್ಸ್‌ಬರ್ಗರ್ ಅವರ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಸೋಲಿನಿಂದ ಅವರು ಕಹಿಯಾಗಲಿಲ್ಲ, ಕಲಿತರು. ಲಂಡನ್ನಿನಲ್ಲಿ ಉಷ್ಣದೇಶಗಳ ವಾಸ್ತುಶಿಲ್ಪವನ್ನು ಕಲಿಸುವ ವಿಭಾಗವನ್ನು ಬೆಳೆಸಿದರು. ಆಯಾ ದೇಶದ ಬಿಸಿಲು, ಮಳೆ, ಜನರ ಕಸಬು ಇವನ್ನು ಅರಿಯದೆ ಮನೆ ಕಟ್ಟಬಾರದೆಂದು ದೇಶದೇಶಗಳ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ಸಂಗಡಿಗರೊಡನೆ 1974ರಲ್ಲಿ ಪ್ರಕಟಿಸಿದ ಅವರ ಪಠ್ಯಪುಸ್ತಕ ನಮ್ಮ ವಾಸ್ತುಶಿಲ್ಪ ಕಾಲೇಜುಗಳ ತರುಣರಿಗೆ ಪರಿಚಿತ. ಅವರು ತೀರಿಕೊಂಡದ್ದು 1999ರಲ್ಲಿ.

ಆದರೆ ಒಬ್ಬರು ಕಲಿತ ಪಾಠವನ್ನು ಲೋಕ ಮತ್ತೆ ಮತ್ತೆ ಕಲಿಯಬೇಕಾಗುತ್ತದೆ. ನಮ್ಮ ನೆರೆಯ ಶ್ರೀಲಂಕೆಯಲ್ಲಿ 2009ರ ಮೇ ತಿಂಗಳಲ್ಲಿ ದೀರ್ಘ ಅಂತರ್ಯುದ್ಧ ಮುಗಿಯಿತು. ಉತ್ತರ ಮತ್ತು ಪೂರ್ವ ಪ್ರಾಂತಗಳಲ್ಲಿ ಮನೆ ಕಳೆದುಕೊಂಡವರು ಅಸಂಖ್ಯ. ಭಾರತ ಸರ್ಕಾರ 50,000 ಮನೆಗಳ ಯೋಜನೆಯನ್ನು ಕೈಗೊಂಡಿತು. ಅದರ ಬಹುಪಾಲು ಮನೆಗಳಿಗೆ ಹಣವನ್ನು ಕಂತುಕಂತಾಗಿ ನಿವಾಸಿಗಳ ಖಾತೆಗೇ ಹಾಕಿ, ಮನೆಯನ್ನು ಅವರೇ ಕಟ್ಟಿಕೊಳ್ಳುವ ಕ್ರಮವಿತ್ತು. ಮನೆಗೆ ಐದೂವರೆ ಲಕ್ಷ ಶ್ರೀಲಂಕಾ ರೂಪಾಯಿ. ಕೆಲವು ವರ್ಷಗಳ ಬಳಿಕ, 2015-16ರಲ್ಲಿ, ಅಲ್ಲಿಯ ಸರ್ಕಾರ ಬಹುರಾಷ್ಟ್ರೀಯ ಕಂಪನಿಯೊಂದರಿಂದ 65,000 ಉಕ್ಕಿನ ಪೂರ್ವನಿರ್ಮಿತ ಮನೆಗಳನ್ನು ತರಿಸಲು ಹೊರಟಿತು. ಒಂದರ ಬೆಲೆ ಇಪ್ಪತ್ತು ಲಕ್ಷ ರೂಪಾಯಿಗೂ ಮೇಲೆ. ಜಾಫ್ನಾದ ಬಿಸಿಲಿಗೆ ಉಕ್ಕಿನ ಮನೆ ಕಾಯುತ್ತದೆ, ಮುಂದೆ ಒಂದು ಕೋಣೆ ಸೇರಿಸಲು ಬಾರದು, ಕೆಟ್ಟರೆ ಊರಿನ ಕಮ್ಮಾರ ರಿಪೇರಿ ಮಾಡಲಾರ, ಅಲ್ಲಿನ ಗಾರೆಯವರಿಗೆ ಕೂಲಿಯೂ ಇಲ್ಲ ಎಂದು ಸ್ಥಳೀಯ ಜನರೂ ತಜ್ಞರೂ ಎದ್ದುನಿಂತರು. ಕೊನೆಗೆ ಆ ಬೃಹದ್ಯೋಜನೆ ನಡೆಯಲಿಲ್ಲ. ದಿಲ್ಲಿಯ ಪ್ರಶ್ನೆಯೇ ಅರವತ್ತೈದು ವರ್ಷಗಳ ತರುವಾಯ ಜಾಫ್ನಾದಲ್ಲಿ ಎದ್ದಿತು.

ಹೀಗೆಂದ ಮಾತ್ರಕ್ಕೆ ಅಚ್ಚಿನ ಮನೆಯೇ ಕೆಟ್ಟದ್ದೆಂದು ಯಾರೂ ತಿಳಿಯಬಾರದು. 2022ರಲ್ಲಿ ಉಕ್ರೇನಿನ ಮೇಲೆ ಯುದ್ಧ ಎರಗಿ ಲಕ್ಷಾಂತರ ಜನ ಪಶ್ಚಿಮದ ಕಡೆ ಓಡಿಬಂದಾಗ, ಲ್ವೀವ್ ನಗರದ ಉದ್ಯಾನವೊಂದರಲ್ಲಿ ಪೋಲೆಂಡಿನ ನೆರವಿನಿಂದ ಅದೇ ವರ್ಷದ ಏಪ್ರಿಲ್ ವೇಳೆಗೆ ಪೆಟ್ಟಿಗೆಮನೆಗಳ ಶಿಬಿರ ಸಿದ್ಧವಾಗಿತ್ತು. ಹಿಮ ಬೀಳುವ ದೇಶದಲ್ಲಿ, ಕೈಗೂಸಿನೊಡನೆ ರೈಲಿಳಿದ ತಾಯಿಗೆ ಇಟ್ಟಿಗೆ ಸುಡುವವರೆಗೆ ತಾಳಿಕೋ ಎನ್ನಲಾದೀತೆ? ಅಂತಹ ಹೊತ್ತಿನಲ್ಲಿ ವೇಗವೇ ದಯೆ. ಆದರೆ ಆ ಪೆಟ್ಟಿಗೆಯಲ್ಲಿ ಅವಳು ಇರಬೇಕಾದದ್ದು ಎಷ್ಟು ಕಾಲ ಎಂಬ ಪ್ರಶ್ನೆಯನ್ನೂ ಆ ದಿನವೇ ಕೇಳಿಕೊಳ್ಳಬೇಕು. ತಾತ್ಕಾಲಿಕವೆಂದು ಅಧಿಕಾರಿಗಳು ಬರೆದದ್ದು ಅನೇಕ ವೇಳೆ ಒಂದು ಮಗುವಿನ ಬಾಲ್ಯವೆಲ್ಲವೂ ಆಗುತ್ತದೆ. ಬ್ರಿಟನ್ನಿನ ಹತ್ತು ವರ್ಷದ ಮನೆ ಅರವತ್ತೈದು ವರ್ಷ ನಿಂತು, ಒಳಗಿದ್ದವರ ಪ್ರೀತಿಯನ್ನು ಗಳಿಸಿದ್ದು ಅದರ ಗೋಡೆ ಗಟ್ಟಿಯಾಗಿದ್ದುದರಿಂದಲ್ಲ. ತಾತ್ಕಾಲಿಕವೆಂಬ ನೆಪ ಹೇಳಿ ಅಲ್ಲಿನ ಗೃಹಿಣಿಗೆ ಬಚ್ಚಲನ್ನೂ ಬಿಸಿನೀರನ್ನೂ ನಿರಾಕರಿಸಲಿಲ್ಲವಾದ್ದರಿಂದ.

ಯುದ್ಧಗಳು ನಿಲ್ಲುವ ಲಕ್ಷಣವಿಲ್ಲ; ಆದ್ದರಿಂದ ಮರುನಿರ್ಮಾಣದ ಮಾತೂ ನಿಲ್ಲದು. ನಾಳೆ ಮತ್ತಾವುದೋ ಹಾಳಾದ ಊರಿಗೆ ಕಾರ್ಖಾನೆಯ ಮನೆಗಳನ್ನು ಹೊತ್ತ ಲಾರಿಗಳು ಹೊರಡುತ್ತವೆ. ಹೊರಡುವ ಮೊದಲು ಆ ಊರಿನಲ್ಲಿ ಕೊರತೆಯಾಗಿರುವುದು ಕೈಯೋ ಯಂತ್ರವೋ ಎಂದು ವಿಚಾರಿಸಿಕೊಳ್ಳುವುದು ಒಳಿತು. ಅಡುಗೆ ಮಾಡುವವಳನ್ನೂ ಒಂದು ಮಾತು ಕೇಳಬೇಕು. ಆರು ಮಂದಿ ಎಷ್ಟು ಭಾರ ಎತ್ತಬಲ್ಲರೆಂದು ಮೊದಲು ಕೇಳಿಕೊಂಡ ಆ ಇಂಜಿನಿಯರನ ಸೇತುವೆ ಇನ್ನೂ ನಮ್ಮ ನೆರೆಯ ಬೆಟ್ಟಗಳಲ್ಲಿ ಜನರನ್ನು ದಾಟಿಸುತ್ತಿದೆ.